ಬೆಕ್ಕನ್ನ ಹೊಸ ಮನೆಗೆ ಕರ್ಕೊಂಡು ಹೋಗೋದು: ಪಂಜರ ತರೋದ್ರಿಂದ ಅಂಗಳಕ್ಕೆ ಬಿಡೋ ತನಕ

ಪ್ರತಿ ಮೇ, ಜೂನ್ ಬಂತಂದ್ರೆ ಟ್ರಾನ್ಸ್‌ಫರ್ ಆದವ್ರು, ಬಾಡಿಗೆ ಮನೆ ಬಿಟ್ಟವ್ರು, ಶಿರಸಿ ಕಡೆಯಿಂದ ಕಾರವಾರಕ್ಕೆ ಇಳಿದವ್ರು ಎಲ್ರೂ ಕೇಳೋದು ಒಂದೇ ಪ್ರಶ್ನೆ, ಬೆಕ್ಕು ಬಂದ ಮರುದಿನವೇ ಕಾಣೆಯಾಯ್ತು ಏನ್ ಮಾಡೋದು ಅಂತ. ಕೇಳ್ತಾ ಹೋದ್ರೆ ಎಲ್ರ ಕಥೆನೂ ಒಂದೇ ಥರ ಇರ್ತದೆ. ಸಾಮಾನಿನ ಜೊತೆಗೇ ಗೋಣಿಚೀಲದಲ್ಲೋ ರಟ್ಟಿನ ಡಬ್ಬದಲ್ಲೋ ಹಾಕ್ಕೊಂಡು ಬಂದ್ರು, ಬಾಗಿಲು ತೆಗೆದಿಟ್ಟಿರೋ ಮನೆಯಲ್ಲಿ ಚೀಲ ಬಿಚ್ಚಿದ್ರು, ಅದು ಅಟ್ಟ ಹತ್ತಿ ಹಂಚಿನ ಸಂದಿಯಿಂದ ಹೊರಗೆ ಹೋಯ್ತು.

ನಾಯಿಗೆ ನೀವಿರೋ ಜಾಗವೇ ಮನೆ, ಬೆಕ್ಕಿಗೆ ಹಾಗಲ್ಲ. ಅದಕ್ಕೆ ತಾನು ಕೆನ್ನೆ ಉಜ್ಜಿ ವಾಸನೆ ಹಚ್ಚಿಟ್ಟ ಗೋಡೆ ಮೂಲೆ, ಬಾಗಿಲ ಚೌಕಟ್ಟು, ಓಡಾಡೋ ದಾರಿ ಇವೆಲ್ಲಾ ಸೇರಿದ್ರೇ ಮನೆ, ಆ ವಾಸನೆ ಒಂದೂ ಇಲ್ಲದ ಜಾಗದಲ್ಲಿ ದಿಢೀರ್ ಅಂತ ಬಿಟ್ರೆ ಅದು ಅಡಗ್ತದೆ ಇಲ್ಲಾ ಓಡ್ತದೆ. ಹಾಗಾಗಿ ಇಡೀ ಕೆಲಸ ನಿಂತಿರೋದು ಕ್ರಮದ ಮೇಲೆ. ಮೊದಲು ಒಂದು ಕೋಣೆ, ಆಮೇಲೆ ಮನೆ, ಕೊನೆಗೆ ಅಂಗಳ. ಈ ಕ್ರಮ ತಪ್ಪಿಸಿದವ್ರ ಬೆಕ್ಕೇ ಹೆಚ್ಚಾಗಿ ಕಳೆದುಹೋಗೋದು.

ಮೊದಲೇ ಹೊಂದಿಸ್ಕೊಬೇಕಾದ ಸಾಮಾನು

ಮುಖ್ಯವಾದದ್ದು ಗಟ್ಟಿ ಪ್ಲಾಸ್ಟಿಕ್ ಪಂಜರ, ಕ್ಯಾರಿಯರ್ ಅಂತಾರಲ್ಲ ಅದು. ಮೇಲ್ಗಡೆನೂ ಬಾಗಿಲು ಇರೋದು ಸಿಕ್ಕಿದ್ರೆ ಒಳ್ಳೇದು, ಹೆದರಿದ ಬೆಕ್ಕನ್ನ ಮುಂದಿನ ಬಾಗಿಲಿಂದ ಎಳೆಯೋ ಕಷ್ಟ ಇರಲ್ಲ. ಒಂದು ಬೆಕ್ಕಿಗೆ ಒಂದು ಪಂಜರ, ಎರಡು ಬೆಕ್ಕು ಎಷ್ಟೇ ದೋಸ್ತಿ ಇದ್ರೂ ಒಂದರಲ್ಲೇ ತುಂಬ್ಬೇಡಿ, ಹೆದರಿಕೆಯಲ್ಲಿ ಒಂದಕ್ಕೊಂದು ಕಚ್ತಾವೆ. ದುಡ್ಡಿಗೆ ತೊಂದರೆ ಇದ್ರೆ ತರಕಾರಿ ಅಂಗಡಿಯವ್ರು ಇಡೋ ಪ್ಲಾಸ್ಟಿಕ್ ಕ್ರೇಟ್ ಎರಡು ತಗೊಂಡು ಒಂದರ ಮೇಲೊಂದು ಬೋರಲು ಹಾಕಿ ಸುತ್ತಲೂ ಕೇಬಲ್ ಟೈ ಬಿಗಿದ್ರೆ ಆಯ್ತು, ಗಾಳಿನೂ ಆಡ್ತದೆ, ಬೆಕ್ಕಿಗೆ ಹರಿಯೋಕೂ ಆಗಲ್ಲ. ಟೈ ಕತ್ತರಿಸೋಕೆ ಕತ್ತರಿ ಜೊತೆಗಿಟ್ಕೊಳ್ಳಿ.

ಇನ್ನು ಹಳೇ ಹಾಸು ಒಂದೆರಡು, ಹೊಯ್ಗೆ ಟ್ರೇ (ಬೆಕ್ಕು ಉಚ್ಚೆ, ಹೇಲು ಮಾಡೋಕೆ ಮರಳು ಹಾಕಿಡೋ ಟ್ರೇ), ಅದು ಈಗ ಬಳಸ್ತಿರೋ ಊಟದ ತಟ್ಟೆ, ತೆಳು ಹತ್ತಿ ಬಟ್ಟೆ, ಹಳೇ ಪೇಪರ್, ಒಂದು ಟಾರ್ಚ್. ಕುತ್ತಿಗೆ ಪಟ್ಟಿ ಹಾಕೋದಾದ್ರೆ ಎಳೆದ್ರೆ ತಾನೇ ಬಿಚ್ಚಿಕೊಳ್ಳೋ ಥರದ್ದು ತಗೊಳ್ಳಿ, ಅದರ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ. ಬೆಕ್ಕಿನ ಎರಡೂ ಪಕ್ಕದ ಫೋಟೋ, ಬಾಲ ಕಾಣೋ ಹಾಗೆ, ಹೊರಡೋ ಮೊದಲೇ ತೆಗೆದಿಟ್ಕೊಳ್ಳಿ.

ಗೋಣಿಚೀಲ ಬೇಡವೇ ಬೇಡ. ಹಿಂದಿನಿಂದ ಹಾಗೇ ಮಾಡ್ಕೊಂಡು ಬಂದಿದ್ದೇವೆ ಅಂತ ಹೇಳೋರಿದ್ದಾರೆ, ಆದ್ರೆ ಮೇ ತಿಂಗಳ ಕರಾವಳಿ ಸೆಖೆಯಲ್ಲಿ ಚೀಲದೊಳಗೆ ಬೆಕ್ಕಿನ ಮೈ ಕಾದು ಉಸಿರು ಕಟ್ಟಿ ಸಾಯ್ತದೆ. ಕುತ್ತಿಗೆಗೆ ಹಗ್ಗ ಕಟ್ಟಿ ಕೂರಿಸೋದೂ ಅಷ್ಟೇ ಅಪಾಯ, ಒಂದು ಜಿಗಿತಕ್ಕೆ ಉರುಳು ಬಿಗೀತದೆ.

1. ಎರಡು ಮೂರು ವಾರ ಮುಂಚೆ: ಪಂಜರದ ಅಭ್ಯಾಸ ಮತ್ತು ಡಾಕ್ಟರು

ಪಂಜರ ತಂದ ದಿನವೇ ಒಳಗೆ ತುರುಕ್ಬೇಡಿ. ಬಾಗಿಲು ತೆಗೆದು ಬೆಕ್ಕು ಮಲಗೋ ಜಾಗದ ಹತ್ರ ಇಟ್ಟುಬಿಡಿ, ಒಳಗೆ ಅದರ ಹಳೇ ಹಾಸು ಹಾಕಿ, ದಿನಾ ಊಟದ ತಟ್ಟೆ ಮೊದಲು ಬಾಗಿಲ ಹತ್ರ, ಆಮೇಲೆ ಸ್ವಲ್ಪ ಸ್ವಲ್ಪನೇ ಒಳಗೆ ಸರಿಸ್ತಾ ಹೋಗಿ. ತಾನಾಗೇ ಒಳಗೆ ಹೋಗಿ ಮಲಗೋಕೆ ಶುರು ಮಾಡಿದ್ಮೇಲೆ ಒಂದು ನಿಮಿಷ ಬಾಗಿಲು ಹಾಕಿ ತೆಗೆಯಿರಿ, ಆಮೇಲೆ ಐದು ನಿಮಿಷ, ಆಮೇಲೆ ಎತ್ಕೊಂಡು ಮನೆಯೊಳಗೇ ಒಂದು ಸುತ್ತು. ಎಲ್ರೂ ಬಿಡೋ ಹಂತ ಇದೇನೇ, ಆಮೇಲೆ ಹೊರಡೋ ದಿನ ಕೈಯೆಲ್ಲಾ ಪರಚಿಸ್ಕೊಂಡು ಬೆಕ್ಕು ಬೀರು ಹಿಂದೆ ಸೇರ್ಕೊಂಡಿರ್ತದೆ, ಲಾರಿಯವ್ನು ಹೊರಗೆ ಹಾರ್ನ್ ಹೊಡೀತಾ ಇರ್ತಾನೆ.

ಇದೇ ಹೊತ್ತಲ್ಲಿ ಡಾಕ್ಟರಿಗೆ ತೋರಿಸ್ಬಿಡಿ. ರೇಬೀಸ್ ಲಸಿಕೆ ಮತ್ತು ಬೆಕ್ಕಿನ ಕಾಯಿಲೆಗಳ ಲಸಿಕೆ ಆಗಿದ್ಯಾ ನೋಡಿ, ಹೊಸ ಊರಲ್ಲಿ ಹೊಸ ಬೆಕ್ಕುಗಳ ಜೊತೆ ಜಗಳ ಆಗೋದು ಖಂಡಿತ. ಗಂಡು ಬೆಕ್ಕಿಗೆ ಸಂತಾನಹರಣ ಆಪರೇಷನ್ ಆಗಿಲ್ಲ ಅಂದ್ರೆ ಈಗಲೇ ಮಾಡಿಸಿ, ಗಾಯ ಮಾಯೋಕೆ ಸಮಯ ಸಿಗ್ತದೆ, ಅಲೆದಾಟ ಮತ್ತು ಕಾದಾಟ ಎರಡೂ ಕಡಿಮೆ ಆಗ್ತದೆ. ಹೊಸ ಊರಿನ ಪಶು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಬೆಕ್ಕು ನೋಡ್ತೀರಾ, ಯಾವ ಹೊತ್ತಲ್ಲಿ ಇರ್ತೀರಾ ಕೇಳಿಡಿ. ನಮ್ಮ ತಾಲೂಕುಗಳಲ್ಲಿ ಡಾಕ್ಟರು ದನ ಎಮ್ಮೆ ನೋಡೋಕೆ ಹಳ್ಳಿ ಮೇಲೆ ಹೋಗಿರೋದೇ ಜಾಸ್ತಿ, ರಾತ್ರಿ ತುರ್ತು ಬಂದಾಗ ಹುಡುಕ್ತಾ ಕೂರೋಕೆ ಆಗಲ್ಲ.

ಮರಿ ಹಾಕಿದ ತಾಯಿ ಬೆಕ್ಕಿದ್ರೆ ಮರಿಗೆ ಎರಡು ತಿಂಗಳಾಗೋ ತನಕ ಮುಂದೆ ಹಾಕೋಕೆ ಆಗ್ತದಾ ನೋಡಿ.

2. ಬೆಕ್ಕು ಬರೋ ಮೊದಲು ಹೊಸ ಮನೆಗೆ ನೀವು ಹೋಗಿ ನೋಡೋದು

ಟಾರ್ಚ್ ತಗೊಂಡು ಹೋಗಿ. ಹಳೇ ಹಂಚಿನ ಮನೆಯಾದ್ರೆ ಗೋಡೆ ತಲೆ ಮತ್ತು ಪಕಾಸಿ ನಡುವೆ ಉದ್ದಕ್ಕೂ ಸಂದಿ ಇರ್ತದೆ, ನಮ್ಮ ಕಣ್ಣಿಗೆ ಅದು ಗಾಳಿಗೆ ಬಿಟ್ಟ ಜಾಗ, ಬೆಕ್ಕಿಗೆ ಹೆದ್ದಾರಿ. ತಲೆ ತೂರೋಷ್ಟು ಜಾಗ ಇದ್ರೆ ಮೈನೂ ತೂರ್ತದೆ ಅಂತ ಲೆಕ್ಕ ಹಾಕ್ಕೊಳ್ಳಿ. ಇಡೀ ಮನೆಯ ಸಂದಿ ಮುಚ್ಚೋದು ಆಗದ ಕೆಲಸ, ಅದಕ್ಕೇ ಬೆಕ್ಕಿಗೆ ಇಡೋ ಕೋಣೆ ಆರಿಸುವಾಗ ಸ್ಲ್ಯಾಬ್ ಇರೋದು ಅಥವಾ ಹಲಗೆ ಮುಚ್ಚಿಗೆ ಇರೋದು ನೋಡಿ. ಬಚ್ಚಲಿನ ಬೆಳಕಿಂಡಿ, ಹೊಗೆ ಗೂಡು, ಅಟ್ಟಕ್ಕೆ ಹತ್ತೋ ಕಿಂಡಿ, ಎಲ್ಲದಕ್ಕೂ ತಂತಿ ಜಾಲರಿ ಹೊಡೀರಿ. ಕಾರವಾರದ ಫ್ಲ್ಯಾಟ್ ಆದ್ರೆ ಬಾಲ್ಕನಿ ಗ್ರಿಲ್‌ಗೆ ಬಲೆ. ಕಿಟಕಿಗೆ ಹಾಕಿರೋ ಸೊಳ್ಳೆ ಮೆಶ್ ನಂಬ್ಬೇಡಿ, ಉಗುರು ಹಾಕಿದ್ರೆ ಹರೀತದೆ.

ಆಮೇಲೆ ವಿಷ. ಹಿಂದೆ ಇದ್ದವ್ರು ಅಟ್ಟದ ಮೂಲೆಯಲ್ಲಿ, ಗ್ಯಾಸ್ ಕಟ್ಟೆ ಕೆಳಗೆ ಇಲಿ ಪಾಷಾಣ ಇಟ್ಟು ಹೋಗಿರ್ತಾರೆ, ಅದನ್ನ ಹುಡುಕಿ ತೆಗೀರಿ, ವಿಷ ತಿಂದ ಇಲಿ ತಿಂದ್ರೂ ಬೆಕ್ಕಿಗೆ ಅಪಾಯ. ಮಳೆಗಾಲಕ್ಕೆ ಅಂತ ಬಟ್ಟೆ ಕಪಾಟಿಗೆ ಹಾಕೋ ನುಸಿ ಗುಳಿಗೆನೂ ಬೆಕ್ಕಿಗೆ ವಿಷವೇ. ನೆಲ ಒರೆಸೋ ಫಿನೈಲ್ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಅದರಲ್ಲಿರೋ ಅಂಶವನ್ನ ಬೆಕ್ಕಿನ ಲಿವರ್‌ಗೆ ಸರಿಯಾಗಿ ಕರಗಿಸಿ ಹೊರಹಾಕೋಕೆ ಆಗಲ್ಲ, ನೆಲದ ಮೇಲೆ ನಡೆದು ಪಾದ ನೆಕ್ಕಿದ್ರೆ ಹೊಟ್ಟೆಗೆ ಹೋಗ್ತದೆ. ಬೆಕ್ಕಿನ ಕೋಣೆಗೆ ಬರೀ ಸೋಪಿನ ನೀರು ಸಾಕು. ಗೆದ್ದಲು ಔಷಧಿ ಹೊಡೆಸೋದು, ಬಣ್ಣ, ವಾರ್ನಿಶ್ ಇದ್ರೆ ಬೆಕ್ಕು ಬರೋಕೆ ಸಾಕಷ್ಟು ಮುಂಚೆ ಮುಗಿಸಿ ಕಿಟಕಿ ತೆಗೆದು ವಾಸನೆ ಹೋಗೋಕೆ ಬಿಡಿ.

ಹಿತ್ತಿಲಲ್ಲಿ ಕಟ್ಟೆ ಇಲ್ಲದ ಬಾವಿ ಇದ್ರೆ ಬಲೆ ಹಾಕಿಸಿ. ಬಾಡಿಗೆ ಮನೆಯಾದ್ರೆ ಬೆಕ್ಕು ಇದೆ ಅಂತ ಯಜಮಾನರಿಗೆ ಅಡ್ವಾನ್ಸ್ ಕೊಡೋಕೆ ಮುಂಚೆನೇ ಹೇಳಿಬಿಡಿ.

3. ಒಂದು ಕೋಣೆ ತಯಾರು ಮಾಡೋದು

ಮನೆಯಲ್ಲೇ ಕಡಿಮೆ ಓಡಾಟ ಇರೋ ಕೋಣೆ. ಒಂದು ಮೂಲೆಯಲ್ಲಿ ಹೊಯ್ಗೆ ಟ್ರೇ, ಅದಕ್ಕೆ ಎದುರು ಮೂಲೆಯಲ್ಲಿ ಊಟ ನೀರು, ನಡುವೆ ಅಡಗೋಕೆ ಅಡ್ಡ ಮಲಗಿಸಿದ ರಟ್ಟಿನ ಡಬ್ಬ, ಎತ್ತರಕ್ಕೆ ಹತ್ತಿ ಕೂರೋಕೆ ಸ್ಟೂಲೋ ಮೇಜೋ. ಅದರ ಹಾಸು, ನೀವು ಉಟ್ಟು ಬಿಟ್ಟ ಹಳೇ ಪಂಚೆ ಅಥವಾ ನೈಟಿ ಒಗೆಯದೇ ಹಾಗೇ ತಂದು ಹಾಕಿ. ಹೊಸ ಮನೆಗೆ ಹೊಸದೇ ಇರ್ಲಿ ಅಂತ ಹೊಸ ಟ್ರೇ ಹೊಸ ಹಾಸಿಗೆ ತರೋರಿದ್ದಾರೆ, ಈ ಹೊತ್ತಲ್ಲಿ ಅದು ತಪ್ಪು.

ಟ್ರೇಗೆ ಹೊಳೆ ಹೊಯ್ಗೆ ಅಥವಾ ಲಿಟರ್ ಅಂತ ಅಂಗಡಿಯಲ್ಲಿ ಸಿಗೋ ಬೆಕ್ಕಿನ ಟ್ರೇ ಪುಡಿ, ಈಗ ಯಾವುದು ರೂಢಿಯೋ ಅದೇ ಹಾಕಿ, ಬಳಸಿದ ಹಳೇ ಹೊಯ್ಗೆ ಒಂದು ಮುಷ್ಟಿ ಬೆರೆಸಿ. ಇಲ್ಲಿ ತನಕ ತೋಟದಲ್ಲೇ ಕೆರೆದು ಹೋಗ್ತಿದ್ದ ಬೆಕ್ಕಾದ್ರೆ ಹಳೇ ಮನೆಯ ತೋಟದ ಮಣ್ಣೇ ಒಂದು ಬಕೆಟ್ ತುಂಬ್ಕೊಂಡು ಬನ್ನಿ, ಅದನ್ನ ಟ್ರೇಗೆ ಹಾಕಿದ್ರೆ ತಕ್ಷಣ ಅರ್ಥ ಆಗ್ತದೆ. ಆಮೇಲೆ ದಿನಕ್ಕಿಷ್ಟು ಅಂತ ಹೊಯ್ಗೆ ಬೆರೆಸ್ತಾ ಬದಲಾಯಿಸಿ.

ಇನ್ನೊಂದು ಕೆಲಸ, ಹಳೇ ಮನೆಯಲ್ಲೇ ಒಂದು ಹತ್ತಿ ಬಟ್ಟೆ ತಗೊಂಡು ಬೆಕ್ಕಿನ ಕೆನ್ನೆ ಮತ್ತು ಗದ್ದದ ಹತ್ರ ಮೆಲ್ಲಗೆ ಒರೆಸಿ, ಅದೇ ಬಟ್ಟೆಯನ್ನ ಹೊಸ ಕೋಣೆಯ ಬಾಗಿಲು, ಮಂಚದ ಕಾಲು, ಗೋಡೆ ಮೂಲೆಗೆ ಬೆಕ್ಕಿನ ಮುಖದ ಎತ್ತರದಲ್ಲಿ ಉಜ್ಜಿ. ಅದು ಬರೋ ಹೊತ್ತಿಗೆ ಅದರದ್ದೇ ಗುರುತು ಅಲ್ಲಿ ಇರ್ತದೆ.

4. ಹೊರಡೋ ದಿನ

ಗೃಹಪ್ರವೇಶದ ದಿನ ಬೆಕ್ಕು ತರ್ಬೇಡಿ. ಹೋಮದ ಹೊಗೆ, ನೆಂಟರು, ಮಕ್ಕಳ ಗಲಾಟೆ, ಇಡೀ ದಿನ ತೆರೆದ ಬಾಗಿಲು, ಇದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಹಾಲು ಉಕ್ಕಿಸಿ ಪೂಜೆ ಮುಗಿಸಿ, ಎಲ್ರೂ ಹೋದ್ಮೇಲೆ ಒಂದೆರಡು ದಿನ ಬಿಟ್ಟು ಕರ್ಕೊಂಡು ಬನ್ನಿ.

ಸಾಮಾನು ತುಂಬೋ ದಿನ ಬೆಳಿಗ್ಗೆ ಹಮಾಲರು ಬರೋಕೆ ಮುಂಚೆನೇ ಬೆಕ್ಕನ್ನ ಒಂದು ಕೋಣೆಗೆ ಹಾಕಿ ಚಿಲಕ ಹಾಕಿ, ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ತೆಗೀಬೇಡಿ ಅಂತ ಬರೆದು ಅಂಟಿಸಿ. ಆ ಕೋಣೆಯಲ್ಲಿ ಪಂಜರ, ಹಾಸು, ನೀರು, ಟ್ರೇ ಬಿಟ್ರೆ ಬೇರೇನೂ ಇರ್ಬಾರ್ದು, ಯಾಕಂದ್ರೆ ಇದ್ರೆ ಯಾರಾದ್ರೂ ತಗೊಂಡು ಹೋಗೋಕೆ ಬಾಗಿಲು ತೆಗೆದೇ ತೆಗೀತಾರೆ. ಲಾರಿ ಹೊರಟ ಮೇಲೆ, ಮನೆ ಖಾಲಿಯಾಗಿ ಶಾಂತ ಆದ್ಮೇಲೆ ಬೆಕ್ಕನ್ನ ಪಂಜರಕ್ಕೆ ಹಾಕಿ. ಅದು ಯಾವತ್ತೂ ನಿಮ್ಮ ಜೊತೆ ಕಾರಲ್ಲಿ ಬರ್ಬೇಕು, ಸಾಮಾನಿನ ಲಾರಿಯಲ್ಲಿ ಅಲ್ಲ.

ಹೊರಡೋಕೆ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ನಿಲ್ಲಿಸ್ಬೇಡಿ. ತೀರಾ ಸಣ್ಣ ಮರಿಯಾದ್ರೆ ಅಷ್ಟು ಹೊತ್ತು ಉಪವಾಸ ಹಾಕ್ಬೇಡಿ, ಡಾಕ್ಟರನ್ನ ಕೇಳಿ.

5. ದಾರಿ, ಅದರಲ್ಲೂ ಘಾಟಿ

ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟಾಕ್ಕೇ ಸುಮಾರು 60 ಕಿ.ಮೀ., ಅಲ್ಲಿಂದ ಹೆದ್ದಾರಿ 66 ಹಿಡಿದು ಅಂಕೋಲಾ ದಾಟಿ ಕಾರವಾರ. ಯಲ್ಲಾಪುರ ಕಡೆಯವ್ರಿಗೆ ಅರಬೈಲ್ ಘಾಟಿ. ತಿರುವಿನಲ್ಲಿ ನಮಗೇ ಹೊಟ್ಟೆ ತೊಳೆಸ್ತದೆ, ಬೆಕ್ಕಿಗೂ ಹಾಗೇ. ಜೊಲ್ಲು ಸುರಿಸೋದು, ಒಂದೇ ಸಮ ಕೂಗೋದು, ವಾಂತಿ, ಅಲ್ಲೇ ಉಚ್ಚೆ ಮಾಡ್ಕೊಳ್ಳೋದು ಇವೆಲ್ಲಾ ಆಗ್ತದೆ, ಗಾಬರಿ ಬೇಡ, ಪಂಜರದೊಳಗೆ ಪೇಪರ್ ಮೇಲೆ ಹಾಸು ಹಾಕಿರಿ, ಬದಲಿ ಹಾಸು ಕೈಗೆ ಸಿಗೋ ಹಾಗಿರ್ಲಿ. ಹಿಂದೆ ಪ್ರಯಾಣದಲ್ಲಿ ತುಂಬಾ ಕಷ್ಟಪಟ್ಟ ಬೆಕ್ಕಾದ್ರೆ ವಾಂತಿಗೆ, ಹೆದರಿಕೆಗೆ ಔಷಧಿ ಅದೆ, ಅದನ್ನ ಡಾಕ್ಟರೇ ತೂಕ ನೋಡಿ ಕೊಡ್ಬೇಕು. ಮನುಷ್ಯರ ಮಾತ್ರೆ ಮುರಿದು ಹಾಕ್ಬೇಡಿ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನ ಕೊಲ್ತದೆ.

ಪಂಜರವನ್ನ ಮುಂದಿನ ಸೀಟಿನ ಹಿಂದೆ ಕಾಲಿಡೋ ಜಾಗದಲ್ಲಿ ಅಲುಗಾಡದ ಹಾಗೆ ಇಡಿ, ಮೇಲೆ ತೆಳು ಹತ್ತಿ ಬಟ್ಟೆ, ಗಾಳಿ ಆಡೋಕೆ ಒಂದು ಪಕ್ಕ ತೆರೆದಿರ್ಲಿ. ಬೆಳಗಿನ ಜಾವ ಹೊರಡೋದು ಒಳ್ಳೇದು, ಘಟ್ಟದ ಮೇಲಿನ ತಂಪು ನಂಬಿ ಹತ್ತು ಗಂಟೆಗೆ ಹೊರಟ್ರೆ ಕುಮಟಾ ಹೊತ್ತಿಗೆ ಸೆಖೆ ಶುರುವಾಗಿರ್ತದೆ. ಜೋರು ಮಳೆಯಲ್ಲಿ ಘಾಟಿ ರಸ್ತೆ ಬಂದ್ ಆಗೋದು, ಮಣ್ಣು ಕುಸಿಯೋದು ನಮ್ಮ ಜಿಲ್ಲೆಗೆ ಹೊಸದಲ್ಲ, 2024ರ ಜುಲೈನಲ್ಲಿ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದಿದ್ದು ಎಲ್ರಿಗೂ ನೆನಪಿದೆ, ಹಾಗಾಗಿ ರಸ್ತೆ ವಿಚಾರಿಸ್ಕೊಂಡೇ ಹೊರಡಿ, ಅಕಸ್ಮಾತ್ ಗಂಟೆಗಟ್ಲೆ ನಿಲ್ಬೇಕಾದ್ರೆ ಅಂತ ನೀರು, ಸಣ್ಣ ಟ್ರೇ ಇಟ್ಕೊಳ್ಳಿ.

ಚಾ ಕುಡಿಯೋಕೆ ನಿಲ್ಲಿಸಿದ್ರೆ ಒಬ್ರು ಕಾರಲ್ಲೇ ಇರಿ. ಮುಚ್ಚಿದ ಕಾರು ಬಿಸಿಲಲ್ಲಿ ಕೆಲವೇ ನಿಮಿಷಕ್ಕೆ ಕಾಯ್ತದೆ. ಎಷ್ಟೇ ಅತ್ರೂ ದಾರಿಯಲ್ಲಿ ಪಂಜರದ ಬಾಗಿಲು ತೆಗೀಬೇಡಿ, ಪಾಪ ಅನ್ನಿಸ್ತದೆ ನಿಜ, ಆದ್ರೆ ದೇವಿಮನೆ ಕಾಡಲ್ಲಿ ಇಳಿದು ಹೋದ ಬೆಕ್ಕನ್ನ ಹುಡುಕೋದು ಎಲ್ಲಿ?

6. ಬಂದ ಮೇಲೆ ಮೊದಲ ದಿನಗಳು

ಪಂಜರ ಸೀದಾ ಆ ಕೋಣೆಗೆ. ಬಾಗಿಲು ಹಾಕಿ, ಕಿಟಕಿ ನೋಡಿ, ಆಮೇಲೆ ಪಂಜರದ ಬಾಗಿಲು ತೆಗೆದು ನೀವು ಸುಮ್ನೆ ನೆಲದ ಮೇಲೆ ಕೂತ್ಕೊಳ್ಳಿ. ಎಳೆದು ಹೊರಗೆ ತೆಗೀಬೇಡಿ. ಕೆಲವು ಹತ್ತು ನಿಮಿಷಕ್ಕೆ ಬರ್ತಾವೆ, ಕೆಲವು ರಾತ್ರಿ ಎಲ್ರೂ ಮಲಗಿದ್ಮೇಲೆ. ಮಂಚದ ಕೆಳಗೆ ಸೇರಿದ್ರೆ ಅಲ್ಲೇ ಇರ್ಲಿ, ಕೈ ಹಾಕಿ ಎಳೆದ್ರೆ ನಂಬಿಕೆ ಹೋಗ್ತದೆ. ದಿನಕ್ಕೆ ನಾಲ್ಕೈದು ಸಲ ಹೋಗಿ ಸ್ವಲ್ಪ ಹೊತ್ತು ಮಾತಾಡ್ತಾ ಕೂತು ಬನ್ನಿ, ಊಟದ ಹೊತ್ತು ಹಳೇ ಮನೆಯಲ್ಲಿದ್ದ ಹೊತ್ತೇ ಇರ್ಲಿ. ಪಕ್ಕದ್ಮನೆ ಮಕ್ಕಳಿಗೆ ಬೆಕ್ಕು ತೋರಿಸೋ ಕೆಲಸ ಮುಂದಿನ ವಾರ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಶಿರಸಿ, ಸಿದ್ದಾಪುರ ಕಡೆ ಸಸ್ಯಾಹಾರಿ ಮನೆಯ ಬೆಕ್ಕು ಮಜ್ಜಿಗೆ ಅನ್ನ ತಿಂದೇ ಬೆಳೀತು ಅಂತ ನಾವು ಅಂದ್ಕೊಂಡಿರ್ತೇವೆ, ನಿಜವಾಗಿ ಅದು ಬದುಕಿದ್ದು ಅಡಿಕೆ ಅಟ್ಟದ ಇಲಿ, ಹಿತ್ತಿಲ ಓತಿಕ್ಯಾತ ತಿಂದು. ಬೆಕ್ಕಿಗೆ ಟಾರಿನ್ ಅನ್ನೋ ಅಂಶ ಬೇಕೇ ಬೇಕು, ಅದು ಮಾಂಸದಲ್ಲಿ ಸಿಗ್ತದೆ, ಅನ್ನದಲ್ಲಿ ಇಲ್ಲ, ತುಂಬಾ ದಿನ ಸಿಗದಿದ್ರೆ ಕಣ್ಣು, ಹೃದಯ ಹಾಳಾಗ್ತದೆ. ಈಗ ವಾರಗಟ್ಲೆ ಕೋಣೆಯೊಳಗೆ ಇಟ್ಟಾಗ ಇಲಿ ಸಿಗಲ್ಲ, ಹಾಗಾಗಿ ಮನೆಯಲ್ಲಿ ಮಾಂಸ ಮೀನು ಮಾಡಲ್ಲ ಅಂತಾದ್ರೆ ಅಂಗಡಿಯ ಒಣ ಕ್ಯಾಟ್ ಫುಡ್ ತಂದಿಡಿ, ಹಳೇ ಮನೆಯಲ್ಲಿರುವಾಗಲೇ ಅನ್ನದ ಜೊತೆ ಬೆರೆಸಿ ರೂಢಿ ಮಾಡಿ. ಕರಾವಳಿಯವ್ರು ಬೇಯಿಸಿದ ತಾರ್ಲೆ, ಬಂಗಡೆ ಮುಳ್ಳು ತೆಗೆದು ಉಪ್ಪು ಖಾರ ಇಲ್ಲದೇ ಕೊಡ್ಬಹುದು, ಬರೀ ಮೀನೇ ದಿನಾ ಬೇಡ, ಒಣಮೀನು ಉಪ್ಪು ಜಾಸ್ತಿ ಆದ್ದರಿಂದ ಬೇಡ. ಸಮಾಧಾನ ಆಗ್ಲಿ ಅಂತ ಬಟ್ಟಲು ತುಂಬಾ ಹಾಲು ಕೊಡೋದೂ ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗಲ್ಲ, ಭೇದಿ ಶುರುವಾದ್ರೆ ಹೆದರಿಕೆಯಿಂದಲೋ ಹಾಲಿಂದಲೋ ಗೊತ್ತಾಗಲ್ಲ.

ನೀರು ಮರೀಬೇಡಿ. ಸಮುದ್ರದ ಹತ್ರದ ಬಾವಿಗಳಲ್ಲಿ ಬೇಸಿಗೆಗೆ ನೀರು ಸಪ್ಪೆ ಇರಲ್ಲ, ಉಪ್ಪುಪ್ಪು ಇರ್ತದೆ, ಘಟ್ಟದ ಮೇಲಿನ ಬೆಕ್ಕು ಅದನ್ನ ಮೂಸಿ ಬಿಟ್ಟುಬಿಡ್ತದೆ. ಹಳೇ ಮನೆಯ ನೀರು ಒಂದು ಕ್ಯಾನ್ ತಂದು ಹೊಸ ನೀರಿಗೆ ಬೆರೆಸ್ತಾ ರೂಢಿ ಮಾಡಿ.

7. ಉಳಿದ ಮನೆ

ಯಾವಾಗ ಬಾಗಿಲು ತೆಗೀಬೇಕು ಅಂದ್ರೆ ಕ್ಯಾಲೆಂಡರ್ ನೋಡ್ಬೇಡಿ, ಬೆಕ್ಕನ್ನ ನೋಡಿ. ಸರಿಯಾಗಿ ತಿಂತಾ ಇದೆ, ಟ್ರೇ ಬಳಸ್ತಿದೆ, ಮೈ ನೆಕ್ಕೊಳ್ತಿದೆ, ನೀವು ಹೋದಾಗ ಬಾಲ ನೆಟ್ಟಗೆ ಮಾಡ್ಕೊಂಡು ಎದುರು ಬರ್ತದೆ, ಬಾಗಿಲ ಹತ್ರ ಕೂತು ಕರೀತದೆ ಅಂದ್ರೆ ತಯಾರಾಗಿದೆ. ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಎರಡು ವಾರ. ರಾತ್ರಿ ಮನೆ ಬಾಗಿಲೆಲ್ಲಾ ಹಾಕಿದ್ಮೇಲೆ ಒಂದು ಹೊಸ ಕೋಣೆ ಮಾತ್ರ ತೆರೆದುಕೊಡಿ, ಹಳೇ ಕೋಣೆ ಬಾಗಿಲು ತೆಗೆದೇ ಇರ್ಲಿ, ಹೆದರಿದ್ರೆ ವಾಪಸ್ ಓಡಿ ಬರೋಕೆ.

ವಾಷಿಂಗ್ ಮಷಿನ್ ಹಾಕೋ ಮೊದಲು ಒಳಗೆ ಕೈಯಾಡಿಸಿ ನೋಡಿ. ಬಚ್ಚಲ ಒಲೆ ಇರೋ ಮನೆಯಾದ್ರೆ ಇನ್ನೂ ಎಚ್ಚರ, ಹೊಸ ಮನೆಯಲ್ಲಿ ಬೆಚ್ಚಗಿನ ಜಾಗ ಹುಡುಕ್ತಾ ಬೆಕ್ಕು ಹಂಡೆ ಕೆಳಗಿನ ಬೂದಿಯಲ್ಲೇ ಮಲಗ್ತದೆ, ಬೆಳಿಗ್ಗೆ ಬೆಂಕಿ ಹಾಕೋ ಮುಂಚೆ ಟಾರ್ಚ್ ಬಿಟ್ಟು ನೋಡ್ಲೇಬೇಕು.

8. ಅಂಗಳಕ್ಕೆ ಬಿಡೋದು

ಫ್ಲ್ಯಾಟ್‌ನವ್ರಿಗೆ, ಹೆದ್ದಾರಿ ಪಕ್ಕದವ್ರಿಗೆ ನನ್ನ ಸಲಹೆ, ಬಿಡ್ಲೇಬೇಡಿ. ಒಳಗೇ ಆಟ ಆಡಿಸ್ಕೊಂಡು ಸಾಕಿ. ಬಿಡ್ಲೇಬೇಕು ಅನ್ನೋ ಮನೆಯವ್ರು ಕಡಿಮೆ ಅಂದ್ರೂ ಮೂರು ವಾರ ಒಳಗಿಟ್ಟು ಆಮೇಲೆ ಬಿಡಿ, ಹಳೇ ಮನೆ ಒಂದೆರಡು ಕಿಲೋಮೀಟರ್ ಒಳಗಿದ್ರೆ ಇನ್ನೂ ಜಾಸ್ತಿ ದಿನ ಇಡಿ, ಯಾಕಂದ್ರೆ ಹತ್ತಿರ ಇದ್ರೆ ದಾರಿ ಹುಡುಕ್ಕೊಂಡು ಸೀದಾ ಅಲ್ಲಿಗೇ ಹೋಗ್ತದೆ. ಹಳೇ ನೆರೆಯವ್ರಿಗೆ ಮೊದಲೇ ಹೇಳಿಡಿ, ಬಂದ್ರೆ ಪ್ರೀತಿಯಿಂದಲೂ ಊಟ ಹಾಕ್ಬೇಡಿ, ಫೋನ್ ಮಾಡಿ ಅಂತ.

ಮೊದಲ ಸಲ ಹಸಿದ ಹೊತ್ತಲ್ಲಿ, ಊಟಕ್ಕೆ ಸ್ವಲ್ಪ ಮುಂಚೆ, ಹಗಲು, ಮಳೆ ಇಲ್ಲದಾಗ, ನಾಯಿಗಳು ಇಲ್ಲ ಅಂತ ನೋಡ್ಕೊಂಡು ಹಿಂಬಾಗಿಲು ತೆಗೀರಿ. ಎತ್ಕೊಂಡು ಹೋಗಿ ಅಂಗಳದ ನಡುವೆ ಇಡ್ಬೇಡಿ, ತಾನೇ ಹೊಸ್ತಿಲು ದಾಟಿ ಹೋಗ್ಲಿ, ಹಾಗೆ ಹೋದ್ರೆ ವಾಪಸ್ ಬರೋ ದಾರಿ ಅದಕ್ಕೆ ಗೊತ್ತಿರ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ತಟ್ಟೆ ಬಡಿದು ಕರೀರಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಿ. ಕತ್ತಲಾಗೋ ಮುಂಚೆ ಒಳಗೆ, ಕಾಡಂಚಿನ ಮನೆಗಳಲ್ಲಿ ಚಿರತೆ ಅಂಗಳದ ತನಕ ಬರ್ತದೆ.

ಕಾಡಿನ ಪಕ್ಕದವ್ರು ದಿನಾ ಬೆಕ್ಕಿನ ಕಿವಿ, ಕುತ್ತಿಗೆ, ಬೆರಳ ಸಂದಿ ತಡವಿ ಉಣುಗು ಇದೆಯಾ ನೋಡಿ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಹರಡೋದೂ ಕಾಡಿನ ಉಣುಗಿಂದಲೇ ಆದ್ದರಿಂದ ಬರಿಗೈಯಲ್ಲಿ ಹೊಸಕ್ಬೇಡಿ, ಚಿಮುಟದಲ್ಲಿ ಕೀಳಿ. ನಾಯಿಗೆ ತಂದಿರೋ ಉಣುಗಿನ ಔಷಧಿ ಬೆಕ್ಕಿಗೆ ಹಚ್ಬೇಡಿ, ಪರ್ಮೆಥ್ರಿನ್ ಇರೋದಾದ್ರೆ ಫಿಟ್ಸ್ ಬಂದು ಸಾಯ್ತದೆ.

ಕಾಯದೇ ಡಾಕ್ಟರ ಹತ್ರ ಹೋಗ್ಬೇಕಾದ ಲಕ್ಷಣ

ಮೊದಲ ದಿನ ಸರಿಯಾಗಿ ತಿನ್ನದಿರೋದು ಸಾಮಾನ್ಯ. 24 ಗಂಟೆ ದಾಟಿದ್ರೂ ಏನೂ ಮುಟ್ಟಿಲ್ಲ ಅಂದ್ರೆ ಫೋನ್ ಮಾಡಿ, ಎರಡು ದಿನ ಆಯ್ತು ಅಂದ್ರೆ ಕರ್ಕೊಂಡೇ ಹೋಗಿ, ಉಪವಾಸ ಇದ್ರೆ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬ್ಕೊಳ್ತದೆ, ಅದ್ರಲ್ಲೂ ದಪ್ಪ ಬೆಕ್ಕಿಗೆ ಬೇಗ. ಸಣ್ಣ ಮರಿಗೆ ಅಷ್ಟು ಹೊತ್ತೂ ಕಾಯ್ಬೇಡಿ.

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು ತಿಣುಕಿ ಕೂಗ್ತದೆ, ಹನಿ ಉಚ್ಚೆನೂ ಬರ್ತಿಲ್ಲ ಅಂದ್ರೆ ಅದು ಮಲಬದ್ಧತೆ ಅಲ್ಲ, ಮೂತ್ರನಾಳ ಕಟ್ಟಿರೋದು. ಒತ್ತಡ ಆದಾಗ ಇದು ಬರ್ತದೆ, ಒಂದೆರಡು ದಿನದಲ್ಲೇ ಜೀವ ಹೋಗ್ತದೆ. ರಾತ್ರಿಯಾದ್ರೂ ಹೊರಡಿ. ಬಾಯಿ ತೆರೆದು ನಾಯಿ ಥರ ಏದುಸಿರು ಬಿಡೋದು, ಒಸಡು ಬೆಳ್ಳಗೆ ಅಥವಾ ನೀಲಿ ಆಗೋದು, ಹಿಂಗಾಲು ಎಳೆಯೋದು, ಮುಖ ಅಥವಾ ಕಾಲು ದಿಢೀರ್ ಊದೋದು ಇವೂ ಅಷ್ಟೇ ತುರ್ತು.

ತಪ್ಪಿಸ್ಕೊಂಡು ಹೋದ್ರೆ

ಬೈಕ್ ಹತ್ತಿ ಊರೆಲ್ಲಾ ಸುತ್ಬೇಡಿ. ಹೊಸ ಜಾಗದಲ್ಲಿ ಓಡಿದ ಬೆಕ್ಕು ಹೆಚ್ಚಾಗಿ ನಾಲ್ಕಾರು ಮನೆ ಒಳಗೇ ಅಡಗಿರ್ತದೆ, ಕಟ್ಟಿಗೆ ರಾಶಿ, ಕೊಟ್ಟಿಗೆ ಅಟ್ಟ, ಹುಲ್ಲು ಗೊಣಬೆ, ಮೋರಿ ಪೈಪು, ನಿಂತಿರೋ ಕಾರಿನ ಕೆಳಗೆ, ದೋಣಿ ಬೋರಲು ಹಾಕಿದ್ರೆ ಅದರಡಿ. ನೀವು ಕರೆದ್ರೂ ಉತ್ತರ ಕೊಡಲ್ಲ, ಹೆದರಿದ ಬೆಕ್ಕು ಉಸಿರು ಬಿಗಿಹಿಡಿದು ಕೂರ್ತದೆ. ಹಗಲು ನೆರೆಮನೆಯವ್ರ ಹತ್ರ ಫೋಟೋ ತೋರಿಸಿ ಅವ್ರ ಕೊಟ್ಟಿಗೆ, ಶೆಡ್ ನೀವೇ ಬಗ್ಗಿ ನೋಡೋಕೆ ಕೇಳಿ, ನಮ್ಮಲ್ಲಿ ಇಲ್ಲ ಅಂತ ಅವ್ರು ಹೇಳೋದನ್ನ ನಂಬಿ ಬಿಟ್ಟುಬಿಡ್ಬೇಡಿ, ಅವ್ರೂ ಪೂರ್ತಿ ನೋಡಿರಲ್ಲ.

ನಿಜವಾದ ಹುಡುಕಾಟ ರಾತ್ರಿ. ಊರು ಮಲಗಿದ್ಮೇಲೆ, ಹನ್ನೊಂದರ ನಂತ್ರ, ಇಬ್ರು ಟಾರ್ಚ್ ಕಣ್ಣಿನ ಎತ್ತರಕ್ಕೆ ಹಿಡ್ಕೊಂಡು ಕೆಳಗೆಲ್ಲಾ ಬಿಡ್ತಾ ಹೋಗಿ, ಕಣ್ಣು ಹೊಳೀತದೆ. ಕಂಡ್ರೆ ಓಡಿ ಹೋಗಿ ಹಿಡಿಯೋಕೆ ಹೋಗ್ಬೇಡಿ, ಅಲ್ಲೇ ನೆಲಕ್ಕೆ ಕೂತು ಮೆಲ್ಲಗೆ ಮಾತಾಡಿ, ವಾಸನೆ ಬರೋ ಊಟ ಮುಂದಿಟ್ಟು ಕಾಯಿರಿ. ಮನೆ ಹಿಂಬಾಗಿಲು ಅರ್ಧ ತೆಗೆದು ಹೊಸ್ತಿಲ ಮೇಲೆ ಅದರ ಹಾಸು, ನಿಮ್ಮ ಬಟ್ಟೆ ಇಡಿ, ಟ್ರೇ ಮಾತ್ರ ಹೊರಗಿಡ್ಬೇಡಿ, ಅದರ ವಾಸನೆಗೆ ಊರ ಗಂಡು ಬೆಕ್ಕುಗಳು ಬಂದು ಕಾದಾಡಿ ಇದನ್ನ ಇನ್ನೂ ದೂರ ಓಡಿಸ್ಬಹುದು. ಎರಡು ದಿನಕ್ಕೆ ಕೈ ಚೆಲ್ಲೋರೇ ಜಾಸ್ತಿ, ಆದ್ರೆ ವಾರ ಕಳೆದ್ಮೇಲೆ ಹಸಿವು ತಾಳದೇ ಹೊರಬರೋ ಬೆಕ್ಕುಗಳಿವೆ, ಹಾಗಾಗಿ ಊಟ ಇಡೋದನ್ನ, ರಾತ್ರಿ ಸುತ್ತನ್ನ ನಿಲ್ಲಿಸ್ಬೇಡಿ. ಸಿಕ್ಕಿದ ಮೇಲೆ ಮತ್ತೆ ಆ ಒಂದು ಕೋಣೆ, ಮತ್ತೆ ಮೂರು ವಾರ.